ಹೊರದೇಶದಲ್ಲಿ ಬಾಡಿಗೆ ಕಾರು: ಕೀ ವಾಪಸು ಕೊಟ್ಟ ಮೇಲೆ ಬರುವ ಬಿಲ್ಲಿನ ಬಗ್ಗೆ ನಮ್ಮೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾಸರಗೋಡಿನ ನೀರ್ಚಾಲಿನವನು. ದುಬೈಯ ದೇರಾದಲ್ಲಿ ಒಂದು ರೆಂಟ್ ಎ ಕಾರ್ ಕಚೇರಿಯ ಕೌಂಟರಿನಲ್ಲಿ ಒಂಬತ್ತು ವರ್ಷ ಕೂತಿದ್ದೆ. ಈಗ ಊರಿಗೆ ಬಂದು ತೋಟ ನೋಡಿಕೊಂಡಿದ್ದೇನೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯಲ್ಲಿ ಗಲ್ಫಿನ ಸಂಬಂಧ ಇಲ್ಲದ ಮನೆ ಕಡಿಮೆ. ಮೊದಲು ದುಡಿಯುವುದಕ್ಕೆ ಮಾತ್ರ ಹೋಗುತ್ತಿದ್ದರು. ಈಗ ಮಗನ ಮನೆ, ಮಗಳ ಬಾಣಂತನ, ಇಲ್ಲವೇ ಸುಮ್ನೆ ಹತ್ತು ದಿನದ ಸುತ್ತಾಟ ಅಂತಲೂ ಹೋಗುತ್ತಾರೆ. ಅಲ್ಲಿ ಕಾರು ಬಾಡಿಗೆಗೆ ತೆಗೆಯುತ್ತಾರೆ. ಊರಿಗೆ ಬಂದು ತಿಂಗಳಾದ ಮೇಲೆ ಕಾರ್ಡಿನ ಸ್ಟೇಟ್‌ಮೆಂಟ್ ನೋಡಿ ನನಗೆ ಫೋನ್ ಮಾಡುತ್ತಾರೆ. ಅವರು ಕೇಳುವುದು, ನಾನು ಹೇಳುವುದು ಎರಡೂ ಇಲ್ಲಿದೆ. ನಮ್ಮವರು ಹೆಚ್ಚು ಹೋಗುವುದು ಯುಎಇಗೆ, ಹಾಗಾಗಿ ಅದರ ಮಾತೇ ಜಾಸ್ತಿ.

ದಿನಕ್ಕೆ 100 ದಿರ್ಹಮ್ ಅಂತ ಇತ್ತು. ಐದು ದಿನಕ್ಕೆ 500 ಆಗಬೇಕಿತ್ತು. 1500 ದಾಟಿದ್ದು ಹೇಗೆ?

ಬೋರ್ಡಿನಲ್ಲಿ ಬರೆಯುವ 100 ದಿರ್ಹಮ್ ಕಾರು ನಿಮ್ಮ ಕೈಯಲ್ಲಿ ಇರುವುದಕ್ಕೆ ಮಾತ್ರ. ಅದು ಓಡಿದ್ದಕ್ಕೆ, ಗೀರಿದ್ದಕ್ಕೆ, ತಡವಾದದ್ದಕ್ಕೆ ಬೇರೆ ಬೇರೆ ಲೆಕ್ಕ. ನಾನು ಕೂತಿದ್ದಾಗ ನೋಡಿದಂಥ ಬಿಲ್ಲನ್ನೇ ಹೋಲುವ ಲೆಕ್ಕ ಇಲ್ಲಿ ಬಿಡಿಸುತ್ತೇನೆ. ಸುಂಕ, ತೆರಿಗೆ, ದಂಡದ ದರ ಅಲ್ಲಿನದ್ದೇ. ಕಂಪನಿಯ ದರಗಳು ಮಾತ್ರ ಉದಾಹರಣೆಗೆ ಹಾಕಿದ್ದು, ಕಂಪನಿಗೊಂದು ಇರುತ್ತದೆ.

ಐದು ದಿನದ ಬಾಡಿಗೆ 500. ಕೌಂಟರಿನಲ್ಲಿ "ಫುಲ್ ಇನ್ಶೂರೆನ್ಸ್ ಹಾಕಲಾ?" ಅಂದಾಗ ತಲೆ ಆಡಿಸಿದ್ದಕ್ಕೆ ದಿನಕ್ಕೆ 25ರಂತೆ 125. ದಿನಕ್ಕೆ 250 ಕಿಲೋಮೀಟರ್ ಅಂತ ಮಿತಿ ಇತ್ತು. ಐದು ದಿನಕ್ಕೆ 1250 ಆಯಿತು. ಫುಜೈರಾ, ರಾಸ್ ಅಲ್ ಖೈಮಾ ಎಲ್ಲ ಸುತ್ತಿ 1490 ಓಡಿದೆ. ಹೆಚ್ಚಾದ 240 ಕಿಲೋಮೀಟರಿಗೆ ಅರ್ಧ ದಿರ್ಹಮ್‌ನಂತೆ 120. ಇಲ್ಲಿಗೆ 745. ಅದರ ಮೇಲೆ ಶೇಕಡಾ 5 ವ್ಯಾಟ್, 37 ಚಿಲ್ಲರೆ. ಟೋಲ್ ಗೇಟು 22 ಸಲ ದಾಟಿದ್ದಾರೆ. ಅದರಲ್ಲಿ 12 ಸಲ 6 ದಿರ್ಹಮ್, 10 ಸಲ 4 ದಿರ್ಹಮ್. ಪ್ರತಿ ಸಲಕ್ಕೆ ಕಂಪನಿಯ ಒಂದು ದಿರ್ಹಮ್ ಸೇರಿ 134. ಮಿತಿಗಿಂತ 20 ಕಿಲೋಮೀಟರಿಗೂ ಜಾಸ್ತಿ ವೇಗ ಅಂತ ಒಂದು ದಂಡ 600, ಅದನ್ನು "ನಿಭಾಯಿಸಿದ್ದಕ್ಕೆ" ಕಂಪನಿಯ 60. ಕೂಡಿಸಿ ನೋಡಿ, 1576 ಬರುತ್ತದೆ.

ಇದರಲ್ಲಿ ಮೋಸ ಎಲ್ಲಿದೆ? ಹುಡುಕಿದರೆ ಆ 60ರಲ್ಲಿ ಸ್ವಲ್ಪ ಇದೆ ಅನ್ನಬಹುದು. ಉಳಿದದ್ದೆಲ್ಲ ನೀವು ಸಹಿ ಹಾಕಿದ ಕಾಗದದಲ್ಲಿ ಇದ್ದದ್ದೇ. ಯಾರಾದರೂ ಜಗಳಕ್ಕೆ ಹೊರಟರೆ ನಾನು ಮೊದಲು ಹೇಳುವುದು ಇಷ್ಟೆ: ಬಿಲ್ಲಿನ ಪ್ರತಿ ಸಾಲು ಸರಕಾರಕ್ಕೆ ಹೋದದ್ದಾ, ಕಂಪನಿ ಇಟ್ಟುಕೊಂಡದ್ದಾ ನೋಡಿ. ಸರಕಾರಕ್ಕೆ ಹೋದದ್ದರ ಬಗ್ಗೆ ಕಂಪನಿಯ ಹತ್ತಿರ ಚೌಕಾಸಿ ಮಾಡಿ ಫಲವಿಲ್ಲ. ಕಂಪನಿ ಇಟ್ಟುಕೊಂಡದ್ದರ ಬಗ್ಗೆ ಮಾಡಬಹುದು, ಅದೂ ಸಹಿಗೆ ಮೊದಲು.

ಟೋಲ್ ಗೇಟು ನಾನು ನೋಡಲೇ ಇಲ್ಲ. 22 ಸಲ ಎಲ್ಲಿಂದ ಬಂತು?

ತಲಪಾಡಿಯಲ್ಲಾದರೆ ಗಾಡಿ ನಿಲ್ಲಬೇಕು, ಕಂಬ ಏಳಬೇಕು, ಫೋನಿಗೆ ಫಾಸ್ಟ್‌ಟ್ಯಾಗಿನ ಮೆಸೇಜು ಬರಬೇಕು. ದುಬೈಯ ಸಾಲಿಕ್ ಹಾಗಲ್ಲ. ರಸ್ತೆಯ ಮೇಲೆ ಒಂದು ಕಮಾನು ಇರುತ್ತದೆ, ಅಷ್ಟೆ. ನೂರರ ವೇಗದಲ್ಲೇ ಅದರ ಅಡಿಯಿಂದ ಹೋಗುತ್ತೀರಿ. ಕಾರಿನ ಗಾಜಿಗೆ ಅಂಟಿಸಿದ ಟ್ಯಾಗನ್ನು ಅದು ಓದಿಕೊಳ್ಳುತ್ತದೆ. ಸಾಲಿಕ್ 2007ರಲ್ಲಿ ಶುರುವಾಯಿತು. 2024ರ ನವೆಂಬರಿನಲ್ಲಿ ಎರಡು ಹೊಸ ಗೇಟು ಸೇರಿ ಒಟ್ಟು ಹತ್ತಾಯಿತು. ಮೊದಲು ಹೆಚ್ಚಿನ ಗೇಟುಗಳಲ್ಲಿ ಯಾವ ಹೊತ್ತಿಗೂ 4 ದಿರ್ಹಮ್ ಇತ್ತು. 2025ರ ಜನವರಿ 31ರಿಂದ ಹೊತ್ತು ನೋಡಿ ದರ ಬದಲಾಗುತ್ತದೆ. ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 10, ಸಂಜೆ 4ರಿಂದ 8ರ ತನಕ 6 ದಿರ್ಹಮ್. ಉಳಿದ ಹೊತ್ತು 4. ರಾತ್ರಿ 1ರಿಂದ ಬೆಳಿಗ್ಗೆ 6ರ ತನಕ ಏನೂ ಇಲ್ಲ. ಸಾಮಾನ್ಯ ಭಾನುವಾರ ಹಗಲಿಡೀ 4. ರಂಜಾನ್ ತಿಂಗಳಲ್ಲಿ ಸಮಯ ಬೇರೆ.

ನಮ್ಮವರಿಗೆ ಇದು ಜಾಸ್ತಿ ತಾಗುವುದಕ್ಕೆ ಕಾರಣ ಇದೆ. ಬಾಡಿಗೆ ಕಡಿಮೆ ಅಂತ ತುಂಬ ಮಂದಿ ಮನೆ ಮಾಡಿರುವುದು ಶಾರ್ಜಾದಲ್ಲಿ. ನೆಂಟರು ಇಳಿಯುವುದೂ ಅಲ್ಲಿಗೇ. ದಿನಾ ದುಬೈಗೆ ಹೋಗುವಾಗ ಅಲ್ ಇತ್ತಿಹಾದ್ ರಸ್ತೆಯಲ್ಲಿ ಅಲ್ ಮಮ್ಜಾರ್ ಗೇಟು ಸಿಗುತ್ತದೆ, ಕ್ರೀಕ್ (ಪೇಟೆಯೊಳಗೆ ಹೊಕ್ಕ ಕಡಲಿನ ಕವಲು) ದಾಟುವಲ್ಲಿ ಗರ್ಹೂದ್ ಸೇತುವೆಯದ್ದು ಇನ್ನೊಂದು, ಶೇಖ್ ಜಾಯೆದ್ ರಸ್ತೆಯಲ್ಲಿ ಮತ್ತೊಂದು. ಬರುವಾಗ ಪುನಃ ಅಷ್ಟೇ. ಮಮ್ಜಾರಿನ ಎರಡು ಗೇಟನ್ನು ಒಂದೇ ದಿಕ್ಕಿನಲ್ಲಿ ಒಂದು ಗಂಟೆಯೊಳಗೆ ದಾಟಿದರೆ ಒಂದೇ ಸಲದ ಹಣ. ಬಿಲ್ಲಿನಲ್ಲಿ ಎರಡು ಸಲ ಹಾಕಿದ್ದರೆ ಕೇಳಿ.

ತಪ್ಪಿಸಿಕೊಳ್ಳುವ ದಾರಿಯೂ ಉಂಟು. ಶೇಖ್ ಮೊಹಮ್ಮದ್ ಬಿನ್ ಜಾಯೆದ್ ರಸ್ತೆ, ಎಮಿರೇಟ್ಸ್ ರಸ್ತೆ ಎರಡರಲ್ಲೂ ಸಾಲಿಕ್ ಇಲ್ಲ. ಫೋನಿನ ಮ್ಯಾಪಿನಲ್ಲಿ "ಟೋಲ್ ತಪ್ಪಿಸು" ಅಂತ ಒಂದು ಗುರುತು ಹಾಕಿದರೆ ಅದೇ ಆ ದಾರಿ ತೋರಿಸುತ್ತದೆ. ಆದರೆ 6 ದಿರ್ಹಮ್ ಉಳಿಸುವುದಕ್ಕೆ 20 ಕಿಲೋಮೀಟರ್ ಸುತ್ತಿದರೆ ಪೆಟ್ರೋಲಿಗೆ ಅಷ್ಟೇ ಹೋಗುತ್ತದೆ, ಅಲ್ವಾ? ದಿನದ ಕಿಲೋಮೀಟರ್ ಮಿತಿಯನ್ನೂ ಅದು ತಿನ್ನುತ್ತದೆ.

ಅಬುಧಾಬಿಯಲ್ಲಿ ಇದಕ್ಕೆ ದರ್ಬ್ ಅಂತ ಹೆಸರು. ದಟ್ಟಣೆಯ ಹೊತ್ತಿನಲ್ಲಿ ಮಾತ್ರ 4 ದಿರ್ಹಮ್, ಭಾನುವಾರ ಇಲ್ಲ. ಬಿಎಪಿಎಸ್ ಮಂದಿರ, ಶೇಖ್ ಜಾಯೆದ್ ಮಸೀದಿ ನೋಡುವುದಕ್ಕೆ ಹೋದವರು ಊಟದ ಹೊತ್ತಿಗೆ ಪೇಟೆಯೊಳಗೆ ಹೊಕ್ಕರೆ ಏನೂ ಬೀಳುವುದಿಲ್ಲ.

ದಂಡ ಹಾಕಿದ್ದಾರೆ. ನಾನೇ ಮಾಡಿದ್ದು ಅಂತ ನಂಬುವುದು ಹೇಗೆ?

ನಂಬಬೇಡಿ, ನೋಡಿ. ದುಬೈ ಪೊಲೀಸರ ಆ್ಯಪಿನಲ್ಲಿ ಗಾಡಿಯ ನಂಬರ್ ಹಾಕಿದರೆ ದಂಡದ ದಿನ, ಗಂಟೆ, ಜಾಗ ಎಲ್ಲ ಬರುತ್ತದೆ. ನಿಮ್ಮ ಕರಾರು ಪತ್ರದಲ್ಲಿ ಕಾರು ಕೊಟ್ಟ ಗಂಟೆ, ವಾಪಸು ತೆಗೆದುಕೊಂಡ ಗಂಟೆ ಎರಡೂ ಬರೆದಿರಬೇಕು. ನಿಮಗೆ ಸಂಜೆ ಐದಕ್ಕೆ ಕಾರು ಕೈಗೆ ಬಂದಿದ್ದು, ದಂಡ ಮಧ್ಯಾಹ್ನ ಮೂರರದ್ದಾದರೆ ಅದು ಹಿಂದಿನವನದ್ದು. ಇಂಥದ್ದು ನಮ್ಮ ಕೌಂಟರಿನಲ್ಲೂ ಆಗಿತ್ತು. ಬೇಕಂತಲೇ ಮಾಡಿದ್ದಲ್ಲ, ಲೆಕ್ಕ ಬರೆಯುವ ಹುಡುಗ ತಾರೀಕು ಮಾತ್ರ ನೋಡಿದ್ದ. ಕೇಳಿದವರಿಗೆ ಹಣ ಹಿಂದೆ ಕೊಟ್ಟೆವು. ಕೇಳದವರಿಗೆ ಎಲ್ಲಿಯ ಹಣ!

ಊರಿನ ಲೆಕ್ಕದಲ್ಲಿ ದಂಡ ಸಣ್ಣದಲ್ಲ. ವೇಗದ ದಂಡ 300ರಿಂದ ಶುರು. ಸೀಟ್ ಬೆಲ್ಟ್ ಹಾಕದಿದ್ದರೆ 400, ಗಾಡಿ ಓಡಿಸುತ್ತಾ ಫೋನ್ ಹಿಡಿದರೆ 800, ಕಿಟಕಿಯಿಂದ ಕಸ ಎಸೆದರೆ 1000. ಕೊನೆಯದ್ದು ಎಲೆಅಡಿಕೆ ಪ್ರಿಯರ ಗಮನಕ್ಕೆ. ಇನ್ನೊಂದು ವಿಷಯ, ದುಬೈಯಲ್ಲಿ ಬೋರ್ಡಿನ ವೇಗಕ್ಕಿಂತ 20 ಕಿಲೋಮೀಟರ್ ಮೇಲೆ ಹೋಗುವ ತನಕ ಕ್ಯಾಮೆರಾ ಸುಮ್ಮನಿರುತ್ತದೆ. ಅಬುಧಾಬಿಯಲ್ಲಿ ಆ ರಿಯಾಯಿತಿಯನ್ನು 2018ರಲ್ಲೇ ತೆಗೆದು ಹಾಕಿದ್ದಾರೆ. ದುಬೈಯ ಅಭ್ಯಾಸದಲ್ಲಿ ಗಡಿ ದಾಟಿದವರು ಅಲ್ಲಿ ಸಿಕ್ಕಿ ಬೀಳುತ್ತಾರೆ.

ಒಳಗಿನವನಾಗಿ ಇದೊಂದು ಹೇಳಲೇಬೇಕು. ಅಬುಧಾಬಿಯಲ್ಲಿ ದಂಡವನ್ನು 60 ದಿನದೊಳಗೆ ಕಟ್ಟಿದರೆ ಶೇಕಡಾ 35 ರಿಯಾಯಿತಿ ಉಂಟು. ಕಂಪನಿ ರಿಯಾಯಿತಿಯಲ್ಲಿ ಕಟ್ಟಿ ನಿಮ್ಮಿಂದ ಪೂರ್ತಿ ತೆಗೆದುಕೊಳ್ಳುವ ಸಂದರ್ಭ ಇರುತ್ತದೆ. "ಕಟ್ಟಿದ ರಸೀದಿ ಕಳಿಸಿ" ಅಂತ ಒಂದು ಸಾಲು ಬರೆದು ನೋಡಿ.

ಡೆಪಾಸಿಟ್ ಯಾವಾಗ ವಾಪಸು ಬರುತ್ತದೆ?

ಸಾಮಾನ್ಯವಾಗಿ ಎರಡು ವಾರದಿಂದ ಒಂದು ತಿಂಗಳು. ಅಷ್ಟು ದಿನ ಕಾಯುವುದು ದಂಡ, ಟೋಲ್ ಬಂದು ಸೇರಲಿ ಅಂತ. ಕಾರು ಕೊಟ್ಟ ದಿನವೇ ಎಲ್ಲ ಲೆಕ್ಕ ಬರುವುದಿಲ್ಲ ಎಂಬುದು ನಿಜ.

ಕ್ರೆಡಿಟ್ ಕಾರ್ಡಿನಲ್ಲಾದರೆ ಅದು ಬರೀ ತಡೆಹಿಡಿದ ಮೊತ್ತ, ಹಣ ಹೋಗಿರುವುದಿಲ್ಲ. ಡೆಬಿಟ್ ಕಾರ್ಡಿನಲ್ಲಿ ಖಾತೆಯ ಹಣವೇ ಸಿಕ್ಕಿಕೊಳ್ಳುತ್ತದೆ. ಹತ್ತು ದಿನದ ಪ್ರವಾಸಕ್ಕೆ ಇಟ್ಟದ್ದು ಮೊದಲನೇ ದಿನವೇ ಲಾಕ್ ಆದರೆ ಮತ್ತೆ ಮಗನ ಹತ್ತಿರ ಕೈಚಾಚಬೇಕು. ಊರಿನಿಂದ ಹೊರಡುವ ಮೊದಲು ಕಾರ್ಡಿನ ವಿದೇಶೀ ಬಳಕೆಯ ಸ್ವಿಚ್ಚು ಆನ್ ಇದೆಯಾ ನೋಡಿ. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡುಗಳು ಭಾರತದೊಳಗೆ ಮಾತ್ರ ನಡೆಯುವ ಹಾಗೆ ಬರುತ್ತವೆ. ಹೊರದೇಶಕ್ಕೆ ನಾವೇ ಆನ್ ಮಾಡಬೇಕು.

"ಕಾರ್ಡ್ ಇಲ್ಲದಿದ್ದರೆ ಪಾಸ್‌ಪೋರ್ಟ್ ಇಟ್ಟು ಹೋಗಿ" ಅಂತ ಯಾರಾದರೂ ಹೇಳಿದರೆ ಆ ಅಂಗಡಿಯ ಮೆಟ್ಟಿಲು ಇಳಿಯಿರಿ. ನಮ್ಮ 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಅದು ಕೇಂದ್ರ ಸರಕಾರದ ಸೊತ್ತು, ನಮ್ಮದೂ ಅಲ್ಲ. ಅಡವು ಇಡುವುದಕ್ಕೆ ಅದೇನು ಚಿನ್ನವಾ?

ಫುಲ್ ಇನ್ಶೂರೆನ್ಸ್ ಅಂತ ಹಣ ಕೊಟ್ಟಿದ್ದೆ. ಒಂದು ಗೀರಿಗೆ ಪುನಃ ಯಾಕೆ ಕೊಡಬೇಕು?

ಇದನ್ನು ನಿಧಾನವಾಗಿ ಓದಿ. ಅತಿ ಹೆಚ್ಚು ಹಣ ಹೋಗುವುದು ಇಲ್ಲೇ.

ಬಾಡಿಗೆಯ ಒಳಗೇ ಸೇರಿರುವ ವಿಮೆಯನ್ನು ಸಿಡಿಡಬ್ಲ್ಯು ಅನ್ನುತ್ತಾರೆ. ಕಾರಿಗೆ ಪೆಟ್ಟಾದರೆ ಪೂರ್ತಿ ಖರ್ಚು ನಿಮ್ಮ ತಲೆಗೆ ಬರುವುದಿಲ್ಲ, ಇಂತಿಷ್ಟರ ತನಕ ಮಾತ್ರ ನಿಮ್ಮದು. ಆ "ಇಂತಿಷ್ಟು" ಎಂಬುದಕ್ಕೆ ಎಕ್ಸೆಸ್ ಅಂತ ಹೆಸರು. ಎಕ್ಸೆಸ್ 1500 ಇದ್ದು ರಿಪೇರಿ 1200 ಆದರೆ ಅಷ್ಟೂ ನೀವೇ ಕೊಡಬೇಕು. ಕೌಂಟರಿನಲ್ಲಿ ದಿನಕ್ಕೆ ಇಷ್ಟು ಅಂತ ಜಾಸ್ತಿ ಕೇಳುವುದು ಈ ಎಕ್ಸೆಸ್ ಇಳಿಸುವುದಕ್ಕೆ. ಅದನ್ನೇ "ಫುಲ್" ಅನ್ನುತ್ತಾರೆ. ನಾನೂ ಹಾಗೇ ಹೇಳುತ್ತಿದ್ದೆ. ಅದರ ಮೇಲೆ ನಮಗೆ ಕಮಿಷನ್ ಇತ್ತು, ಸುಳ್ಳು ಯಾಕೆ ಹೇಳಲಿ.

ಆದರೆ ಈ ಫುಲ್ಲಿನಲ್ಲೂ ಟಯರು, ಗಾಜು, ಕಾರಿನ ಅಡಿಭಾಗ, ಕಳೆದ ಕೀ ಇವು ಹೆಚ್ಚಾಗಿ ಸೇರುವುದಿಲ್ಲ. ಪೆಟ್ರೋಲ್ ಬದಲು ಡೀಸೆಲ್ ಹಾಕಿದ್ದು, ಮರಳಿನಲ್ಲಿ ಓಡಿಸಿದ್ದು ಇವೂ ಇಲ್ಲ. ಮರುಭೂಮಿಯಲ್ಲಿ ಫೋಟೋ ತೆಗೆಯಲು ಸಣ್ಣ ಕಾರನ್ನು ನಾಲ್ಕು ಮೀಟರ್ ಮರಳಿಗೆ ಇಳಿಸಿದ ಮುಳ್ಳೇರಿಯದ ಒಬ್ಬರು ಕ್ರೇನಿಗೆ ಕೊಟ್ಟದ್ದು ಒಂದು ವಾರದ ಬಾಡಿಗೆಗಿಂತ ಜಾಸ್ತಿ.

ಎಲ್ಲಕ್ಕಿಂತ ಮುಖ್ಯ ಪೊಲೀಸರ ಕಾಗದ. ಊರಿನಲ್ಲಿ ಬೈಕು ತಾಗಿದರೆ ಇಳಿದು ನಾಲ್ಕು ಮಾತಾಡಿ, ಐನೂರು ಕೊಟ್ಟು ಮುಗಿಸುತ್ತೇವೆ. ಯುಎಇಯಲ್ಲಿ ಸಣ್ಣ ಗೀರಾದರೂ ಪೊಲೀಸರ ರಿಪೋರ್ಟ್ ಬೇಕು. ಅದು ಇಲ್ಲದೆ ಗ್ಯಾರೇಜಿನವರು ರಿಪೇರಿಗೆ ಕೈ ಹಾಕುವಂತಿಲ್ಲ, ವಿಮೆಯವರು ಒಂದು ಕಾಸು ಬಿಚ್ಚುವುದಿಲ್ಲ. ನೀವು ಎಷ್ಟು ಫುಲ್ ಹಾಕಿದ್ದರೂ ಆ ಕಾಗದ ಇಲ್ಲದಿದ್ದರೆ ಅದು ಖಾಲಿ. ಮಾಲ್‌ನ ಪಾರ್ಕಿಂಗಿನಲ್ಲಿ ನಿಲ್ಲಿಸಿ ಹೋಗಿದ್ದಾಗ ಯಾರೋ ತಾಗಿಸಿ ಹೋದರೂ ಸರಿ, ಗಾಡಿ ಅಲ್ಲಿಂದ ತೆಗೆಯಬೇಡಿ, ದುಬೈಯಲ್ಲಾದರೆ 901ಕ್ಕೆ ಫೋನ್ ಮಾಡಿ, ಇಲ್ಲವೇ ಆ್ಯಪಿನಲ್ಲಿ ತಿಳಿಸಿ. ಯಾರಿಗಾದರೂ ಪೆಟ್ಟಾಗಿದ್ದರೆ 999.

ಕೆಲವು ಕರಾರಿನಲ್ಲಿ ಇನ್ನೊಂದು ಸಾಲು ಅಡಗಿರುತ್ತದೆ. ಕಾರು ಗ್ಯಾರೇಜಿನಲ್ಲಿ ಇದ್ದಷ್ಟು ದಿನದ ಬಾಡಿಗೆಯೂ ನಿಮ್ಮದೇ. ಬಂಪರಿಗೆ 400, ಕಾರು ಮಲಗಿದ್ದಕ್ಕೆ 600. ಇದನ್ನು ಕಂಡಾಗ ನನಗೇ ಹೊಟ್ಟೆ ಉರಿಯುತ್ತಿತ್ತು.

ಕೌಂಟರಿನಲ್ಲಿ ನಮ್ಮ ಊರಿನವರೇ ಇದ್ದರು. ಅವರೂ ಹೀಗೆ ಮಾಡುವುದಾ?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಸ್ವಲ್ಪ ನಾಚಿಕೆ. ದೇರಾದಲ್ಲಾಗಲಿ ಶಾರ್ಜಾದಲ್ಲಾಗಲಿ ಕೌಂಟರಿನಲ್ಲಿ ಕಾಸರಗೋಡು, ಕಣ್ಣೂರು, ಮಂಗಳೂರಿನವರು ಸಿಗುವುದು ಅಪರೂಪವಲ್ಲ. "ಊರು ಎಲ್ಲಿ?" "ಪೆರ್ಲ." "ಓ, ನಮ್ಮ ಅತ್ತೆಯ ಮನೆ ಅಲ್ಲೇ!" ಅಷ್ಟಾದರೆ ಮುಗಿಯಿತು. ಚಹಾ ಬರುತ್ತದೆ, ಅಡಿಕೆಯ ರೇಟಿನ ಮಾತು ಬರುತ್ತದೆ, ಕಾಗದ ಮುಂದೆ ಬರುತ್ತದೆ. ಓದಲು ಕೂತರೆ ಅವರ ಮೇಲೆ ಸಂಶಯ ಪಟ್ಟ ಹಾಗೆ ಆಗುತ್ತದೆ ಅಂತ ಸಹಿ ಹಾಕಿ ಬಿಡುತ್ತಾರೆ.

ಆ ಹುಡುಗನಿಗೆ ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತಲ್ಲ. ದರ ಇಳಿಸುವ ಅಧಿಕಾರ ಅವನಿಗೆ ಸ್ವಲ್ಪ ಇರುತ್ತದೆ, ಅದನ್ನು ನಿಮಗಾಗಿ ಬಳಸಿಯೂ ಬಳಸುತ್ತಾನೆ. ಆದರೆ ತಿಂಗಳ ಕೊನೆಗೆ ಬಿಲ್ಲು ಮಾಡುವವನು ಬೇರೆ, ಕಾರ್ಡಿನಿಂದ ಹಣ ಎಳೆಯುವವನು ಇನ್ನೊಬ್ಬ. "ಗೀರು ಇದ್ದರೆ ನಾನು ನೋಡಿಕೊಳ್ಳುತ್ತೇನೆ ಮಾರಾಯ್ರೆ" ಅಂತ ಅವನು ಬಾಯಲ್ಲಿ ಹೇಳಿದ್ದು ಆ ಇಬ್ಬರಿಗೂ ಗೊತ್ತಿರುವುದಿಲ್ಲ. ಹೇಳಿದ್ದನ್ನು ವಾಟ್ಸಾಪಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ಊರಿನವನೇ ಆದರೆ ಬೇಸರ ಮಾಡುವುದಿಲ್ಲ.

ಕಾರು ತೆಗೆದುಕೊಳ್ಳುವಾಗ ಫೋಟೋ ತೆಗೆಯಿರಿ ಅನ್ನುತ್ತಾರೆ. ಯಾವುದರ ಫೋಟೋ?

ಫೋಟೋಗಿಂತ ವಿಡಿಯೋ ಒಳ್ಳೆಯದು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ದೇವಸ್ಥಾನದಲ್ಲಿ ಹಾಕುವಷ್ಟೇ ನಿಧಾನಕ್ಕೆ. ನಾಲ್ಕೂ ಚಕ್ರದ ರಿಮ್ಮಿನ ಅಂಚು, ಮುಂದಿನ ಬಂಪರಿನ ಕೆಳಗಿನ ತುಟಿ, ಗಾಜಿನ ಮೂಲೆ. ಗೀರು ಜಾಸ್ತಿ ಇರುವುದು ಈ ಮೂರು ಕಡೆ, ಬೆಳಕು ಕಡಿಮೆ ಇರುವ ಬೇಸ್‌ಮೆಂಟಿನಲ್ಲಿ ಕಾಣದಿರುವುದೂ ಇವೇ. ಬೆಳಕಿಗೆ ತರಿಸಿ ನೋಡಿ. ಕಿಲೋಮೀಟರ್ ಮೀಟರು, ಪೆಟ್ರೋಲಿನ ಮುಳ್ಳು ಕೂಡ ಬರಲಿ. ಕಂಪನಿಯ ಹಾಳೆಯಲ್ಲಿ ಗೀರುಗಳ ಚಿತ್ರ ಬಿಡಿಸಿರುತ್ತಾರೆ, ಅದರಲ್ಲಿ ಇಲ್ಲದ್ದನ್ನು ಸೇರಿಸಿ ಸಹಿ ಹಾಕಿಸಿ. ವಾಪಸು ಕೊಡುವಾಗಲೂ ಇದೇ ವಿಡಿಯೋ. ಆ ಹೊತ್ತಿಗೆ ವಿಮಾನದ ಅವಸರ, ಯಾರೂ ತೆಗೆಯುವುದಿಲ್ಲ. ಗೀರಿನ ಬಿಲ್ಲು ಹುಟ್ಟುವುದು ಆ ಹೊತ್ತಿನಲ್ಲಿ.

ಅಣ್ಣನ ಹೆಸರಿನಲ್ಲಿ ತೆಗೆದು ನಾನು ಓಡಿಸಬಹುದಾ?

ಕರಾರಿನಲ್ಲಿ ನಿಮ್ಮ ಹೆಸರು ಎರಡನೇ ಡ್ರೈವರ್ ಅಂತ ಇದ್ದರೆ ಓಡಿಸಬಹುದು. ಅದಕ್ಕೆ ಸ್ವಲ್ಪ ಹಣ ಕೇಳುತ್ತಾರೆ, ಕೊಟ್ಟುಬಿಡಿ. ಹೆಸರು ಇಲ್ಲದವರು ಓಡಿಸಿ ಎಲ್ಲಾದರೂ ತಾಗಿಸಿದರೆ ವಿಮೆ ಇಲ್ಲ, ಎಲ್ಲ ಅಣ್ಣನ ತಲೆಗೆ.

ಕೆಎಲ್ 14ರ (ಕಾಸರಗೋಡಿನ) ಲೈಸೆನ್ಸ್ ಇದೆ. ಅದು ಸಾಕಾ?

ವಿಸಿಟ್ ವೀಸಾದಲ್ಲಿ ಯುಎಇಗೆ ಹೋಗುವವರಿಗೆ ಊರಿನ ಲೈಸೆನ್ಸಿನ ಜೊತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಪರಿವಾಹನ್ ಸೈಟಿನಲ್ಲಿ ಅರ್ಜಿ ಹಾಕಬಹುದು. ನಿಮ್ಮ ಲೈಸೆನ್ಸ್ ಇರುವ ಆರ್‌ಟಿಒ ಕಚೇರಿಯಿಂದಲೇ ಕೊಡುತ್ತಾರೆ, ಒಂದು ವರ್ಷ ನಡೆಯುತ್ತದೆ. ಹೊರಡುವ ವಾರಕ್ಕೆ ಇಟ್ಟುಕೊಳ್ಳಬೇಡಿ. ಪರ್ಮಿಟ್ ಇಲ್ಲದೆ ಮೊದಲೇ ಬುಕ್ ಮಾಡಿ ಕೌಂಟರಿಗೆ ಹೋದರೆ ಕಾರೂ ಸಿಗುವುದಿಲ್ಲ, ಕಟ್ಟಿದ ಹಣವೂ ಹೆಚ್ಚಿನ ಕಡೆ ವಾಪಸು ಬರುವುದಿಲ್ಲ. ರೆಸಿಡೆನ್ಸ್ ವೀಸಾ ಆದ ಮೇಲೆ ಈ ಪರ್ಮಿಟ್ ನಡೆಯುವುದಿಲ್ಲ, ಅಲ್ಲಿಯ ಲೈಸೆನ್ಸೇ ಆಗಬೇಕು. ಹೊಸದಾಗಿ ಕೆಲಸಕ್ಕೆ ಹೋದ ಹುಡುಗರು ಇದನ್ನು ಮರೆಯುತ್ತಾರೆ.

ಪೆಟ್ರೋಲಿನ ಲೆಕ್ಕ ಹೇಗೆ?

ತುಂಬಿಸಿ ಕೊಡುತ್ತಾರೆ, ತುಂಬಿಸಿ ಕೊಡಿ. ಇದು ಎಲ್ಲಕ್ಕಿಂತ ಒಳ್ಳೆಯ ಕರಾರು. "ಮೊದಲೇ ಟ್ಯಾಂಕಿನ ಹಣ ಕೊಡಿ, ಖಾಲಿ ತಂದರೂ ಪರವಾಗಿಲ್ಲ" ಅನ್ನುವುದು ಕೇಳಲು ಚಂದ. ಯಾರೂ ಪೂರ್ತಿ ಖಾಲಿ ಮಾಡಿ ತರುವುದಿಲ್ಲ, ಉಳಿದದ್ದು ಅವರಿಗೆ. ವಾಪಸು ಕೊಡುವ ಜಾಗದ ಹತ್ತಿರದ ಬಂಕಿನಲ್ಲೇ ಹಾಕಿಸಿ, ರಸೀದಿ ಇಟ್ಟುಕೊಳ್ಳಿ. ಯುರೋಪಿಗೆ ಹೋಗುವವರಿಗೆ ಒಂದು ಎಚ್ಚರಿಕೆ: ಇಟಲಿಯಲ್ಲಿ ಗ್ಯಾಸೋಲಿಯೋ ಅಂದರೆ ಡೀಸೆಲ್. ಗ್ಯಾಸೋಲಿನ್ ಅಂತ ಓದಿಕೊಂಡು ಪೆಟ್ರೋಲ್ ಕಾರಿಗೆ ಹಾಕಿಸಿದರೆ ಇಂಜಿನಿನ ಖರ್ಚು ನಿಮ್ಮದೇ.

ವಿಮಾನ ತಡವಾದರೆ?

ಬುಕ್ ಮಾಡುವಾಗ ವಿಮಾನದ ನಂಬರ್ ಕೊಟ್ಟಿರಿ. ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ಎರಡು ಗಂಟೆ ತಡವಾಗಿ ಹೊರಟಿತು ಅಂತ ಅವರಿಗೆ ಗೊತ್ತಾದರೆ ಕಾಯುತ್ತಾರೆ. ಗೊತ್ತಾಗದಿದ್ದರೆ ಬರಲಿಲ್ಲ ಅಂತ ಬರೆದು ಬುಕಿಂಗ್ ತೆಗೆದು ಹಾಕುತ್ತಾರೆ. ವಾಪಸು ಕೊಡುವಾಗ ದಿನ ಅಂದರೆ 24 ಗಂಟೆ. ಅರ್ಧ ಗಂಟೆಯಿಂದ ಒಂದು ಗಂಟೆ ಸಹಿಸಿಕೊಳ್ಳುತ್ತಾರೆ, ಆಮೇಲೆ ಇನ್ನೊಂದು ದಿನದ ಬಾಡಿಗೆ.

ಒಮಾನಿನ ಮುಸಂದಂ ನೋಡಿಕೊಂಡು ಬರಬಹುದಾ?

ಕಂಪನಿಯ ಒಪ್ಪಿಗೆ ಪತ್ರ, ಒಮಾನಿಗೆ ನಡೆಯುವ ವಿಮೆ, ಗಾಡಿಯ ಮುಲ್ಕಿಯಾ ಮೂರೂ ಕೈಯಲ್ಲಿ ಇರಬೇಕು. ಮುಲ್ಕಿಯಾ ಅಂದರೆ ನಮ್ಮ ಮೂಲ್ಕಿ ಅಲ್ಲ, ಗಾಡಿಯ ಆರ್‌ಸಿ. ಮೊದಲ ಎರಡಕ್ಕೆ ಬೇರೆ ಹಣ, ಒಂದೆರಡು ದಿನ ಮೊದಲೇ ಹೇಳಬೇಕು. ಹೇಳದೆ ಹೋದರೆ ಗಡಿಯಲ್ಲೇ ತಿರುಗಿಸಿ ಕಳಿಸುತ್ತಾರೆ.

ಮೊಮ್ಮಗುವಿಗೆ ಸೀಟು ಬೇಕೇ ಬೇಕಾ?

ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೇಕು. ಮಡಿಲಲ್ಲಿ ಕೂರಿಸುವ ಹಾಗಿಲ್ಲ, ದಂಡ 400. ಕಂಪನಿ ಸೀಟಿಗೆ ದಿನದ ಲೆಕ್ಕದಲ್ಲಿ ಬಾಡಿಗೆ ಹಾಕುತ್ತದೆ. ಎರಡು ವಾರ ಇರುವವರು ಅಲ್ಲಿ ನೆಲೆಸಿದ ನೆಂಟರ ಮನೆಯಲ್ಲಿ ಕೇಳಿ ತೆಗೆದುಕೊಳ್ಳುವುದು ಲಾಭ. ಪ್ರತಿ ಮನೆಯ ಬಾಲ್ಕನಿಯಲ್ಲೂ ಮಕ್ಕಳು ದೊಡ್ಡವರಾದ ಮೇಲೆ ಬಿದ್ದಿರುವ ಒಂದು ಸೀಟು ಇರುತ್ತದೆ.

ಮಗಳು ಡಬ್ಲಿನ್‌ನಲ್ಲಿದ್ದಾಳೆ. ಅಲ್ಲಿಂದ ಇಟಲಿ, ಸ್ವಿಟ್ಜರ್ಲೆಂಡ್ ಎಲ್ಲ ಕಾರಿನಲ್ಲೇ ನೋಡುವ ಆಸೆ. ಏನು ಗಮನಿಸಬೇಕು?

ಮೊದಲನೆಯದಾಗಿ, ಗೇರ್ ಹಾಕುವ ಕಾರು ಅಲ್ಲಿ ಅಗ್ಗ, ಆಟೊಮ್ಯಾಟಿಕ್ ಬೇಕು ಅಂದರೆ ದರ ಏರುತ್ತದೆ. 25 ವರ್ಷದೊಳಗಿನವರು ಓಡಿಸಿದರೆ ದಿನಕ್ಕೆ ಬೇರೆ ಹಣ. ಒಂದು ದೇಶದಲ್ಲಿ ತೆಗೆದು ಇನ್ನೊಂದರಲ್ಲಿ ಬಿಟ್ಟರೆ ಬರುವ ಚಾರ್ಜು ಕೆಲವೊಮ್ಮೆ ಬಾಡಿಗೆಯನ್ನೇ ಮೀರುತ್ತದೆ. ವಿಮಾನ ನಿಲ್ದಾಣದ ಕೌಂಟರಿಗಿಂತ ಪೇಟೆಯ ಕೌಂಟರಿನಲ್ಲಿ ಕಡಿಮೆ.

ಡಬ್ಲಿನ್ ಸುತ್ತುವ ಎಂ50 ರಸ್ತೆಯಲ್ಲಿ ಸಾಲಿಕ್‌ನ ಹಾಗೆಯೇ ಗೇಟಿಲ್ಲದ ಟೋಲ್. ಮರುದಿನ ರಾತ್ರಿ 8ರೊಳಗೆ ನಾವೇ ಕಟ್ಟಬೇಕು. ಬಾಡಿಗೆ ಕಾರಿನಲ್ಲಿ ಕಂಪನಿಯೇ ಕಟ್ಟುತ್ತದೆಯಾ ಅಂತ ಕೇಳಿಕೊಳ್ಳಿ, ಇಲ್ಲದಿದ್ದರೆ ದಂಡ ಬೆಳೆಯುತ್ತಾ ಹೋಗುತ್ತದೆ. ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ 40 ಫ್ರಾಂಕಿನ ವಾರ್ಷಿಕ ವಿನ್ಯೆಟ್ (ಹೆದ್ದಾರಿ ಸುಂಕ ಕಟ್ಟಿದ್ದಕ್ಕೆ ಸಿಗುವ ಚೀಟಿ) ಬೇಕು. ಒಂದೇ ದಿನ ಓಡಿಸಿದರೂ ಅಷ್ಟೇ. ಅಲ್ಲಿಯೇ ಬಾಡಿಗೆಗೆ ತೆಗೆದ ಕಾರಿನಲ್ಲಿ ಅದು ಇರುತ್ತದೆ, ಇಟಲಿಯಲ್ಲಿ ತೆಗೆದದ್ದರಲ್ಲಿ ಇರಲಿಕ್ಕಿಲ್ಲ. ಆಸ್ಟ್ರಿಯಾಕ್ಕೂ ವಿನ್ಯೆಟ್ ಬೇಕು, ಅಲ್ಲಿ ಕಡಿಮೆ ದಿನದ್ದೂ ಸಿಗುತ್ತದೆ.

ಇಟಲಿಯದ್ದೇ ದೊಡ್ಡ ಕಥೆ. ಫ್ಲಾರೆನ್ಸ್, ರೋಮ್, ಪೀಸಾದಂಥ ಹಳೆಯ ಪೇಟೆಗಳ ನಡುಭಾಗಕ್ಕೆ ಹೊರಗಿನ ಗಾಡಿ ಹೋಗುವಂತಿಲ್ಲ. ಅದಕ್ಕೆ ಜೆಡ್‌ಟಿಎಲ್ ಅನ್ನುತ್ತಾರೆ. ಬಿಳಿ ವೃತ್ತಕ್ಕೆ ಕೆಂಪು ಅಂಚಿನ ಬೋರ್ಡು, ಮೇಲೊಂದು ಕ್ಯಾಮೆರಾ. ಮ್ಯಾಪು ಹೇಳಿತು ಅಂತ ಹೊಕ್ಕರೆ ದಂಡ, ದಾರಿ ತಪ್ಪಿ ಮೂರು ಸಲ ಹೊಕ್ಕರೆ ಮೂರು ದಂಡ. ಮೊದಲು ಬಾಡಿಗೆ ಕಂಪನಿ "ನಿಮ್ಮ ವಿಳಾಸ ಪೊಲೀಸರಿಗೆ ಕೊಟ್ಟಿದ್ದಕ್ಕೆ" ಅಂತ ಕಾರ್ಡಿನಿಂದ ಒಂದಷ್ಟು ಯೂರೋ ಎಳೆಯುತ್ತದೆ. ಅದೇ ದಂಡ ಅಂದುಕೊಂಡು ಸುಮ್ಮನಾಗುತ್ತಾರೆ. ನಿಜವಾದ ದಂಡದ ಕಾಗದ ಹೊರದೇಶದವರಿಗೆ ತಲುಪಿಸಲು ಅಲ್ಲಿನ ಕಾನೂನು 360 ದಿನ ಕೊಡುತ್ತದೆ. ಪ್ರವಾಸ ಮರೆತು ಮುಂದಿನ ವರ್ಷದ ಅಡಿಕೆ ಕೊಯ್ಲಿಗೆ ಇಳಿದ ಹೊತ್ತಿಗೆ ಅಂಚೆಯವನು ತಂದು ಕೊಡುತ್ತಾನೆ.

ಲಂಡನ್ ಸೇರಿಸುವುದಾದರೆ, ನಡುಪೇಟೆಗೆ ಕಾರು ಒಯ್ಯುವುದಕ್ಕೆ 2026ರ ಜನವರಿಯಿಂದ ದಿನಕ್ಕೆ 18 ಪೌಂಡ್. ಅಲ್ಲಿ ರೈಲೇ ಸುಖ.

ಕಾರ್ಡ್ ಮೆಷಿನ್ "ರೂಪಾಯಿಯಲ್ಲಿ ಕೊಡುತ್ತೀರಾ, ದಿರ್ಹಮ್‌ನಲ್ಲಾ?" ಅಂತ ಕೇಳುತ್ತದೆ. ಯಾವುದು ಒತ್ತಬೇಕು?

ಆ ದೇಶದ ಹಣವನ್ನೇ ಒತ್ತಿ. ರೂಪಾಯಿ ನೋಡಿದರೆ ಮನಸ್ಸಿಗೆ ಸಮಾಧಾನ, ಆದರೆ ಆ ದರವನ್ನು ಕಟ್ಟುವವರು ಮೆಷಿನಿನ ಕಡೆಯವರು, ಅದರಲ್ಲಿ ಅವರ ಪಾಲು ಇರುತ್ತದೆ. ದಿರ್ಹಮ್ ಒತ್ತಿದರೂ ನಮ್ಮ ಬ್ಯಾಂಕಿನದ್ದು ಉಂಟು. ತುಂಬ ಕಾರ್ಡುಗಳಲ್ಲಿ ಶೇಕಡಾ 3.5, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಸೇರಿಸಿದರೆ 4.13. ಲಕ್ಷ ರೂಪಾಯಿಗೆ 4130. ಈ ಶುಲ್ಕ ಇಲ್ಲದ ಕಾರ್ಡುಗಳೂ ಇವೆ, ಬ್ಯಾಂಕಿನಲ್ಲಿ ಕೇಳಿ.

ಊರಿಗೆ ಬಂದ ಮೇಲೆ ಹೇಳದೆ ಕೇಳದೆ ಹಣ ಎಳೆದಿದ್ದಾರೆ. ಎಂತ ಮಾಡುವುದು?

ಮೊದಲು ಕಂಪನಿಗೆ ಇಮೇಲ್. ಫೋನಿನಲ್ಲಿ ಜೋರು ಮಾಡಿ ಪ್ರಯೋಜನ ಇಲ್ಲ, ಕೇಳಿಸಿಕೊಳ್ಳುವ ಹುಡುಗ ಹಣ ಎಳೆದವನಲ್ಲ. ಕರಾರಿನ ನಂಬರ್, ಯಾವ ಸಾಲಿಗೆ ತಕರಾರು, ಅದರ ರಸೀದಿ ಅಥವಾ ಟೋಲಿನ ವಿವರ ಕಳಿಸಿ ಅಂತ ಬರೆಯಿರಿ. ಗೀರಿನ ವಿಷಯ ಆದರೆ ನಿಮ್ಮ ಎರಡು ವಿಡಿಯೋ ಇಡಿ. ಆಗದಿದ್ದರೆ ದುಬೈಯಲ್ಲಿ ಸರಕಾರದ ಗ್ರಾಹಕ ರಕ್ಷಣೆಯ ವಿಭಾಗಕ್ಕೆ ಆನ್‌ಲೈನಿನಲ್ಲಿ ದೂರು ಕೊಡಬಹುದು. ಕಂಪನಿಗಳು ಅದಕ್ಕೆ ಹೆದರುತ್ತವೆ. ನಮ್ಮ ಕಚೇರಿಗೆ ಅಂಥ ದೂರು ಬಂದ ದಿನ ಮ್ಯಾನೇಜರ್ ಊಟಕ್ಕೆ ಏಳುತ್ತಿರಲಿಲ್ಲ. ಕೊನೆಗೆ ನಿಮ್ಮ ಕಾರ್ಡಿನ ಬ್ಯಾಂಕಿಗೆ ತಕರಾರು ಹಾಕುವುದು ಇದ್ದೇ ಇದೆ. ಅದಕ್ಕೆ ದಿನದ ಮಿತಿ ಇರುವುದರಿಂದ ಸ್ಟೇಟ್‌ಮೆಂಟ್ ಬಂದ ವಾರವೇ ನೋಡಿ.

"ಕ್ಲೀನಿಂಗ್" ಅಂತ ಬಿಲ್ಲು ಹಾಕಿದ್ದಾರೆ. ನಾನು ಕಾರು ಕೊಳಕು ಮಾಡಿರಲಿಲ್ಲ.

ಹೊರಗಿನ ಧೂಳಿಗೆ ಯಾರೂ ಹಾಕುವುದಿಲ್ಲ. ಒಳಗಿನ ಮರಳು, ಸಿಗರೇಟಿನ ವಾಸನೆ, ಸೀಟಿನ ಕಲೆ ಇದ್ದರೆ ಹಾಕುತ್ತಾರೆ. ನಾನು ಹಾಕಿದ್ದರಲ್ಲಿ ಮರೆಯಲಾಗದ್ದು ಒಂದು. ಕುಂಬಳೆ ಕಡೆಯ ಅಮ್ಮ ಮಗನಿಗೆ ಅಂತ ಮಾವಿನ ಮಿಡಿ ಉಪ್ಪಿನಕಾಯಿ ತಂದಿದ್ದರು. ವಿಮಾನ ನಿಲ್ದಾಣದಿಂದ ಮನೆಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ಭರಣಿಯ ಮುಚ್ಚಳ ಸಡಿಲವಾಗಿ ರಸವೆಲ್ಲ ಬಟ್ಟೆಗೆ ಇಳಿದಿತ್ತು. ತೊಳೆಯಲು ಎರಡು ಸಲ ಕಳಿಸಿದೆ. ಎರಡು ವಾರ ಕಳೆದ ಮೇಲೂ ಆ ಕಾರಿನ ಬಾಗಿಲು ತೆಗೆದರೆ ನಮ್ಮ ಮನೆಯ ಅಟ್ಟದ ವಾಸನೆ. ನಾನಂತೂ ಬೇಕಂತಲೇ ಹೋಗಿ ಬಾಗಿಲು ತೆಗೆಯುತ್ತಿದ್ದೆ. ಬಿಲ್ಲು ಮಾತ್ರ ಪೂರ್ತಿ ಹಾಕಬೇಕಾಯಿತು.